ಗೆಳತಿ ವಾಪಸ್ ಕೇಳಿದ ಪುಸ್ತಕ

ಈ ಸಲದ ರಮಝಾನ್‌ಗೆ ಒಂದು ವಾರ ಇರುವಾಗ ನಾವು ನಾಲ್ವರು ಹಂಪನಕಟ್ಟೆಯ ಒಂದು ಕನ್ನಡಕದ ಅಂಗಡಿಗೆ ಹೋಗಿದ್ದೆವು. ಕಣ್ಣು ತೋರಿಸಬೇಕಾಗಿದ್ದದ್ದು ಒಬ್ಬಳಿಗೆ ಮಾತ್ರ, ಉಳಿದವರು ಜೊತೆಗೆ ಹೋದವರು. ಗೋಡೆಯ ಮೇಲಿನ ಅಕ್ಷರಗಳನ್ನು ನಾಲ್ವರೂ ಸಲೀಸಾಗಿ ಓದಿದೆವು. ಆಮೇಲೆ ಅಂಗಡಿಯ ಹುಡುಗ ಸಣ್ಣ ಅಕ್ಷರದ ಕಾರ್ಡೊಂದನ್ನು ಕೈಗೆ ಕೊಟ್ಟ. ಒಬ್ಬಳು ಅದನ್ನು ಹಿಡಿದು ಕೈಯನ್ನು ದೂರ ಚಾಚಿದಳು. ಇನ್ನೊಬ್ಬಳು ಇಸಿದುಕೊಂಡು ಇನ್ನಷ್ಟು ದೂರ ಚಾಚಿದಳು. ಹುಡುಗನಿಗೆ ನಗು ತಡೆಯಲಿಲ್ಲ. "ಆಂಟಿ, ನಾಲ್ಕು ಮಾಡ್ಲಾ?" ಎಂದು ಕೇಳಿದ.

ನಾಲ್ಕು ಮಾಡಿಸಿಕೊಂಡೇ ಬಂದೆವು. ಈ ವರ್ಷ ನಾಲ್ವರಿಗೂ ನಲವತ್ತೈದು.

ನಾಲ್ವರೂ ಒಂದೇ ಕಾಲೇಜಿನಲ್ಲಿ, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹೆಸರು ಹಾಕಬಾರದು ಎಂದು ಗೆಳತಿಯರ ಕಟ್ಟಪ್ಪಣೆ ಇರುವುದರಿಂದ ಊರಿನ ಹೆಸರಿನಲ್ಲೇ ಕರೆಯುತ್ತೇವೆ. ಉಳ್ಳಾಲದವಳು ಪದ್ಯ ಬರೆಯುತ್ತಾಳೆ. ಬಜ್ಪೆಯವಳು ಸರಕಾರಿ ಶಾಲೆಯ ಟೀಚರ್, ಮಕ್ಕಳಿಗೆ ನಾಟಕ ಬರೆದು ಆಡಿಸುತ್ತಾಳೆ. ಬಿ.ಸಿ.ರೋಡಿನವಳು ಮನೆಯಲ್ಲೇ ಟೈಲರಿಂಗ್ ಮಾಡುತ್ತಾಳೆ. ನಾಲ್ಕನೆಯವಳು ಇದನ್ನು ಬರೆಯುತ್ತಿರುವವಳು. ಕೈ ಒಬ್ಬಳದ್ದಾದರೂ ಮಾತು ನಾಲ್ವರದು. ನಾವು ಮಾತಾಡುವುದು ಬ್ಯಾರಿಯಲ್ಲಿ, ಬರೆಯುವುದು ಕನ್ನಡದಲ್ಲಿ. ಆದ್ದರಿಂದ ಇಲ್ಲಿ ಬರುವ ಮಾತುಗಳನ್ನೆಲ್ಲ ಕನ್ನಡಕ್ಕೆ ಮಾಡಿಕೊಂಡದ್ದೂ ನಾವೇ.

ಕಾಲೇಜಿನಲ್ಲಿ ನಮ್ಮ ಹತ್ತಿರ ಇದ್ದದ್ದು ನಾಲ್ವರಿಗೂ ಸೇರಿ ಒಂದೇ ಪುಸ್ತಕ: ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಅದು ಬಿ.ಸಿ.ರೋಡಿನವಳದ್ದು. ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನವಾಗಿ ಬಂದದ್ದು, ಮೊದಲ ಪುಟದಲ್ಲಿ ಅವಳ ಹೆಸರು ಬರೆದ ಚೀಟಿ ಅಂಟಿಸಿತ್ತು. ಮನೆಯವರಿಗೆ ಪಠ್ಯಪುಸ್ತಕದ ಹಾಗೆ ಕಾಣಲಿ ಎಂದು ಕಂದು ಕಾಗದದ ಬೈಂಡು ಹಾಕಿ, ಮೇಲೆ 'ಅರ್ಥಶಾಸ್ತ್ರ' ಎಂದು ಬರೆದಿದ್ದೆವು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವಾರ. ನಾದಿರಾಳ ಕತೆ ಓದಿ ನಾಲ್ವರೂ ಬೇರೆ ಬೇರೆ ಮನೆಗಳಲ್ಲಿ ಅತ್ತು, ಸೋಮವಾರ ಬೆಂಚಿನಲ್ಲಿ ಕೂತು ಆ ಅಳುವಿನ ಬಗ್ಗೆ ಮಾತಾಡಿದವರು. ನಮ್ಮಂಥ ಮನೆಯ, ನಮ್ಮಂಥ ಉಮ್ಮನ, ನಮ್ಮಂಥ ಬಾಪನ ವಿಷಯ ಅಚ್ಚಿನಲ್ಲಿ ಬರಬಹುದು ಎಂಬುದೇ ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಾಗೆ ಶುರುವಾಯಿತು ನಮ್ಮ ಬರೆಯುವ ಹುಚ್ಚು.

ಅವರ ಬಗ್ಗೆ ಒಂದು ಲೆಕ್ಕ ನಮಗೆ ಈಚೆಗೆ ಹೊಳೆಯಿತು. ಸಾರಾ ಹುಟ್ಟಿದ್ದು 1936ರಲ್ಲಿ, ಕಾಸರಗೋಡಿನಲ್ಲಿ. ಶಾಲೆ ಮುಗಿದ ಮೇಲೆ ಮುಂದೆ ಓದುವ ಆಸೆ ಇದ್ದರೂ ಆಗ ಹೆಣ್ಣುಮಕ್ಕಳಿಗೆ ದಾರಿ ಇರಲಿಲ್ಲ. ಮದುವೆ, ಮಕ್ಕಳು, ಸಂಸಾರ. ಒಂದು ಲೈಬ್ರರಿಯ ಸದಸ್ಯತ್ವ ಸಿಕ್ಕಿದ್ದೇ 1963ರಲ್ಲಿ. ಮೊದಲ ಬರಹ ಅಚ್ಚಾದದ್ದು 1981ರಲ್ಲಿ, 'ಲಂಕೇಶ್ ಪತ್ರಿಕೆ'ಯಲ್ಲಿ. ಅಂದರೆ ಅವರಿಗೂ ಆಗ ನಲವತ್ತೈದು! ಕಾಲೇಜಿನಲ್ಲಿ ಈ ಲೆಕ್ಕ ಹಾಕಿದ್ದರೆ ನಾವು ಅವರನ್ನು ಮುದುಕಿ ಎಂದೇ ಭಾವಿಸುತ್ತಿದ್ದೆವೋ ಏನೋ. ಈಗ ಅದೇ ಅಂಕೆ ನೋಡಿ ಉಳ್ಳಾಲದವಳು, "ಹಾಗಾದ್ರೆ ನಾವು ಲೇಟ್ ಆಗಿಲ್ಲ ಮಾರಾಯ್ತಿ" ಎಂದಳು. ಅವಳ ದನಿಯಲ್ಲಿ ತಮಾಷೆಯೂ ಇತ್ತು, ಸ್ವಲ್ಪ ಆಸೆಯೂ ಇತ್ತು.

ಡಿಗ್ರಿ ಮುಗಿದ ಎರಡು ವರ್ಷದೊಳಗೆ ನಾಲ್ವರಿಗೂ ಮದುವೆಯಾಯಿತು. ಮದುವೆಯಾದರೆ ಹೆಂಗಸಿನ ಗೆಳೆತನಕ್ಕೆ ಎಂತ ಆಗುತ್ತದೆ ಎಂದು ಯಾರಾದರೂ ಬರೆದದ್ದನ್ನು ನಾವು ಹೆಚ್ಚು ನೋಡಿಲ್ಲ. ಗಂಡಸರಿಗೆ ಅಂಗಡಿಯ ಕಟ್ಟೆ ಉಂಟು, ಜುಮಾ ಮುಗಿಸಿ ಮಸೀದಿಯ ಅಂಗಳದಲ್ಲಿ ನಿಂತು ಮಾತಾಡುವುದುಂಟು, ವಾಲಿಬಾಲ್ ಮೈದಾನ ಉಂಟು. ಗಲ್ಫಿನಿಂದ ರಜೆಯಲ್ಲಿ ಬಂದವನು ಎರಡನೇ ದಿನವೇ ಹಳೆಯ ದೋಸ್ತಿಗಳ ಜೊತೆ ಕಾರು ಹತ್ತಿ ಹೊರಡುತ್ತಾನೆ, ಯಾರೂ ಎಂತ ಎಂದು ಕೇಳುವುದಿಲ್ಲ. ನಮ್ಮ ಗೆಳತಿಯರು ಎಲ್ಲಿ ಸಿಗಬೇಕು? ಅವಳ ವಿಳಾಸ ಬದಲಾಗುತ್ತದೆ. ಆಗೆಲ್ಲ ಮನೆಗೊಂದು ಫೋನು, ಅದು ಮಾವನ ಹೆಸರಿನಲ್ಲಿ, ಇರುವುದು ಚಾವಡಿಯಲ್ಲಿ. "ಯಾರು ಮಾತಾಡುವುದು?" ಎಂದು ಅತ್ತೆ ಕೇಳಿದರೆ "ಫ್ರೆಂಡ್" ಎನ್ನಲು ನಾಚಿಕೆ. "ನೆಂಟರು" ಎಂದು ಸುಳ್ಳು ಹೇಳಿದ್ದುಂಟು. ಹತ್ತು ಹನ್ನೆರಡು ವರ್ಷ ನಾವು ನಾಲ್ವರೂ ಒಟ್ಟಿಗೆ ಸೇರಿದ್ದು ಮದುವೆ ಮನೆಗಳಲ್ಲಿ ಮತ್ತು ಮಯ್ಯತ್ತಿನ ಮನೆಗಳಲ್ಲಿ ಮಾತ್ರ. ಬಿರಿಯಾನಿಯ ಸಾಲಿನಲ್ಲಿ ಪಕ್ಕ ಪಕ್ಕ ಕೂತು, ಅರ್ಧ ಗಂಟೆಯಲ್ಲಿ ಆರು ತಿಂಗಳ ಸುದ್ದಿ ಮುಗಿಸಬೇಕು.

ಆದರೂ ಬರೆಯುವುದು ನಿಲ್ಲಲಿಲ್ಲ ಎಂಬುದು ಈಗ ನಮಗೇ ಆಶ್ಚರ್ಯ. ಉಳ್ಳಾಲದವಳು ಪದ್ಯವನ್ನು ರೇಷನ್ ಬಿಲ್ಲಿನ ಹಿಂದೆ ಬರೆದು ಅಕ್ಕಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡುತ್ತಿದ್ದಳು. ಮುಚ್ಚಳ ತೆಗೆದಾಗೆಲ್ಲ ಒಂದು ಶಬ್ದ ತಿದ್ದುತ್ತಿದ್ದಳಂತೆ. ಬಜ್ಪೆಯವಳದ್ದು ಸುಬ್ಹಿ ನಮಾಝಿನ ನಂತರ, ಮಕ್ಕಳು ಏಳುವ ಮುಂಚಿನ ನಲವತ್ತು ನಿಮಿಷ. ಈಗಿನ ಅನುಕೂಲ ಬೇರೆ. ಒಲೆಯ ಮುಂದೆ ನಿಂತು ಮೀನು ಕಾಯಿಸುತ್ತಾ ಮೊಬೈಲಿಗೆ ಹೇಳಿ ವಾಯ್ಸ್ ಮೆಸೇಜ್ ಮಾಡಿಟ್ಟರಾಯಿತು. ಉಳ್ಳಾಲದವಳ ಈಚಿನ ಪದ್ಯಗಳಲ್ಲಿ ಹಿನ್ನೆಲೆಗೆ ಎಣ್ಣೆ ಸಿಡಿಯುವ ಸದ್ದು ಇರುತ್ತದೆ, ಬರೆದುಕೊಳ್ಳುವಾಗ ಅದು ಬಿಟ್ಟುಹೋಗುವುದೇ ಬೇಜಾರು.

ಹೆಂಗಸರು ಕಟ್ಟಿ ಹೇಳುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಉಳ್ಳಾಲದವಳ ಅಜ್ಜಿ ಮೊಯಿಲಾಂಜಿ ಪಾಟ್ ಹಾಡುವುದರಲ್ಲಿ ಸುತ್ತಲಿನ ಮನೆಗಳಿಗೆಲ್ಲ ಬೇಕಾದವರಾಗಿದ್ದರು. ಮದುವಣಗಿತ್ತಿಗೆ ಮದರಂಗಿ ಹಚ್ಚುವಾಗ ಅವಳ ಹೆಸರು, ಅವಳ ಮನೆ, ಅವಳ ಮಾವನ ಜಿಪುಣತನ ಎಲ್ಲವನ್ನೂ ಅಲ್ಲಿಂದಲ್ಲೇ ಹಾಡಿಗೆ ಸೇರಿಸುತ್ತಿದ್ದರು. ಮುಂದಿನ ಮನೆಯಲ್ಲಿ ಅದೇ ಹಾಡು ಬೇರೆಯಾಗುತ್ತಿತ್ತು. "ಇದನ್ನು ಕಟ್ಟಿದ್ದು ಯಾರು ಅಜ್ಜಿ?" ಎಂದು ಒಮ್ಮೆ ಕೇಳಿದ್ದೆವು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಚಪ್ಪಾಳೆ ತಟ್ಟುವ ಹತ್ತು ಜನ ಹೆಂಗಸರು ಕೂತಿದ್ದಾರಲ್ಲ, ಅವರೇ ಕಟ್ಟಿದ್ದು. ಯಾರಿಗಾದರೂ ನೋವಾಗುವ ಸಾಲು ಬಂದರೆ ಅವರಲ್ಲೇ ಒಬ್ಬಳು ಚಪ್ಪಾಳೆ ನಿಲ್ಲಿಸುತ್ತಿದ್ದಳು, ಸಾಲು ಅಲ್ಲೇ ಬಿದ್ದುಹೋಗುತ್ತಿತ್ತು. ಅಚ್ಚಿನಲ್ಲಿ ಹಾಗಲ್ಲ. ಒಮ್ಮೆ ಅಚ್ಚಾದದ್ದು ಅಚ್ಚಾದದ್ದೇ. ಈ ವ್ಯತ್ಯಾಸ ನಮಗೆ ಗೊತ್ತಾದದ್ದು ಬಹಳ ತಡವಾಗಿ, ಒಬ್ಬ ಗೆಳತಿಯನ್ನು ಕಳಕೊಂಡ ಮೇಲೆ.

2013ರಲ್ಲಿ ಒಂದು ಮದುವೆಯ ಹಿಂದಿನ ದಿನ ನಾವು ನಾಲ್ವರೂ ಪಿಂಡಿ ಉರುಟಿಸಲು ಕೂತಿದ್ದೆವು. ಐವತ್ತು ಜನಕ್ಕೆ ಬೇಕಾಗುವಷ್ಟು ಪಿಂಡಿ ಎಂದರೆ ಎಷ್ಟು ಕೈ, ಎಷ್ಟು ಹೊತ್ತು ಬೇಕೆಂದು ನಿಮಗೆ ಹೇಳಬೇಕಾಗಿಲ್ಲ. ಅಕ್ಕಿ ಹಿಟ್ಟಿನ ಸಣ್ಣ ಸಣ್ಣ ಉಂಡೆ ಮಾಡುತ್ತಾ ಕೂತರೆ ಮಾತು ತಾನಾಗಿ ಬರುತ್ತದೆ, ಕಣ್ಣಿಗೆ ಕಣ್ಣು ಕೊಟ್ಟು ನೋಡುವ ಅಗತ್ಯವೂ ಇಲ್ಲ. ಅಲ್ಲಿ ಬಿ.ಸಿ.ರೋಡಿನವಳು ತನ್ನ ವಿಷಯ ಹೇಳಿದಳು. ಐದು ವರ್ಷಗಳ ಹಿಂದೆ, ಮಳೆಗಾಲದ ಒಂದು ರಾತ್ರಿ, ಮೂರು ವರ್ಷದ ಮಗಳನ್ನು ಎತ್ತಿಕೊಂಡು ಗಂಡನ ಮನೆಯಿಂದ ಆಟೋದಲ್ಲಿ ತಾಯಿ ಮನೆಗೆ ಬಂದದ್ದು. ಕೈಯಲ್ಲಿ ಬಟ್ಟೆಯ ಬ್ಯಾಗೂ ಇಲ್ಲ, ಮಗುವಿನ ಹಾಲಿನ ಬಾಟಲಿ ಹಾಕಿದ ಒಂದು ಹಸಿರು ಪ್ಲಾಸ್ಟಿಕ್ ಬುಟ್ಟಿ ಮಾತ್ರ. ಅವಳು ಹೇಳಿದ್ದು ಅಷ್ಟೇ. ಆಟೋ ಇಳಿದಲ್ಲಿಗೆ ಅವಳ ಮಾತು ನಿಂತಿತು, ಯಾರೋ ಹಿಟ್ಟು ತಂದರು, ವಿಷಯ ಬದಲಾಯಿತು.

ಮರುವರ್ಷ ಅದು ಒಂದು ವಿಶೇಷಾಂಕದಲ್ಲಿ ಕತೆಯಾಗಿ ಬಂತು. ಬರೆದದ್ದು ನಮ್ಮಲ್ಲಿ ಒಬ್ಬಳು, ಈ ಲೇಖನ ಬರೆಯುತ್ತಿರುವವಳೇ. ಆದರೆ ಕಳುಹಿಸುವ ಮುಂಚೆ ಉಳಿದ ಇಬ್ಬರು ಓದಿ, "ಒಳ್ಳೆಯದುಂಟು, ಕಳಿಸು" ಎಂದಿದ್ದರು. ಆದ್ದರಿಂದ ಮೂವರೂ ಇದರಲ್ಲಿ ಸೇರಿದವರೇ. ಹೆಸರು ಬದಲಾಯಿಸಿದ್ದೆವು, ಊರು ಬದಲಾಯಿಸಿದ್ದೆವು, ಮಗಳನ್ನು ಮಗ ಮಾಡಿದ್ದೆವು. ಹಸಿರು ಬುಟ್ಟಿಯನ್ನು ಮಾತ್ರ ಬದಲಾಯಿಸಲಿಲ್ಲ. ಅದು ಕತೆಯಲ್ಲಿ ಅಷ್ಟು ಚೆನ್ನಾಗಿ ಕೂತಿತ್ತು. ಅವಳಿಗೆ ಒಂದು ಮಾತು ಕೇಳಬೇಕೆಂದು ಮೂವರಲ್ಲಿ ಒಬ್ಬಳಿಗೂ ತೋಚಲಿಲ್ಲವೇ ಎಂದು ನೀವು ಕೇಳಬಹುದು. ತೋಚಿತ್ತು. ಕೇಳಿದರೆ ಬೇಡ ಎಂದಾಳೆಂಬ ಭಯವಿತ್ತು. ಇದನ್ನು ಬರೆಯುವಾಗಲೂ ಕೈ ತಡವರಿಸುತ್ತದೆ.

ಕತೆಗೆ ಓದುಗರ ಪತ್ರಗಳು ಬಂದವು. ಅವಳಿಂದ ಏನೂ ಬರಲಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಮದುವೆ ಮನೆಯಲ್ಲಿ ಕಂಡರೆ ಸಲಾಮಿಗೆ ಜವಾಬು ಕೊಟ್ಟು ಬೇರೆ ಸಾಲಿನಲ್ಲಿ ಕೂತುಕೊಳ್ಳುವಳು. ಅವಳ ಗುಟ್ಟು ಹೊರಗೆ ಬಂತಲ್ಲ, ಅದಕ್ಕೆ ಕೋಪ ಎಂದು ನಾವು ತಿಳಿದುಕೊಂಡಿದ್ದೆವು. ಸ್ವಲ್ಪ ದಿನ ಕಳೆದ ಮೇಲೆ, ನಾಚಿಕೆಯಿಲ್ಲದೆ ಹೇಳುತ್ತೇವೆ, ನಾವೇ ಅವಳ ಮೇಲೆ ಕೋಪ ಮಾಡಿಕೊಂಡೆವು. ಹೆಂಗಸರ ಕಷ್ಟ ಬರೆಯಬೇಡವಾ? ಬಚ್ಚಿಟ್ಟರೆ ಯಾರಿಗೆ ಲಾಭ? ಸಾರಾ ಹೀಗೆ ಹೆದರಿದ್ದರೆ 'ಚಂದ್ರಗಿರಿ' ಬರುತ್ತಿತ್ತಾ? ಹೀಗೆಲ್ಲ ದೊಡ್ಡ ಮಾತು ಆಡಿಕೊಂಡು ಮೂವರೂ ಸಮಾಧಾನ ಮಾಡಿಕೊಂಡೆವು. 2019ರಲ್ಲಿ ಅವಳ ಉಮ್ಮ ತೀರಿಕೊಂಡ ಸುದ್ದಿ ಬೇರೆಯವರಿಂದ ಗೊತ್ತಾಯಿತು. ಕಾಲೇಜಿನ ದಿನಗಳಲ್ಲಿ ಎಷ್ಟೋ ಸಲ ಆ ಉಮ್ಮನ ಕೈಯ ಊಟ ಮಾಡಿ, ಅವರ ಬೀಡಿ ಸೂಪನ್ನು ಬದಿಗೆ ಸರಿಸಿ ಅಲ್ಲೇ ಚಾಪೆಯಲ್ಲಿ ಮಲಗಿದವರು ನಾವು. ಮಯ್ಯತ್ತಿಗೆ ಹೋಗಲು ಬಿ.ಸಿ.ರೋಡ್ ಬಸ್ಸು ಹತ್ತಬೇಕೆಂದು ಸ್ಟೇಟ್‌ಬ್ಯಾಂಕಿನ ತನಕ ಬಂದು, ಧೈರ್ಯ ಸಾಲದೆ ವಾಪಸ್ ಹೋದೆವು.

2023ರ ಜನವರಿ 10ರಂದು ಸಾರಾ ಅಬೂಬಕ್ಕರ್ ತೀರಿಕೊಂಡರು. ಅಂದು ಸಂಜೆ ಮೊಬೈಲಿಗೆ ಒಂದು ಮೆಸೇಜ್ ಬಂತು. ಎಂಟು ವರ್ಷಕ್ಕೂ ಮೇಲಾಗಿತ್ತು ಆ ನಂಬರಿನಿಂದ ಏನಾದರೂ ಬಂದು. "ಸಾರಾ ಹೋದರಂತೆ. ನನ್ನ ಚಂದ್ರಗಿರಿ ನಿನ್ನ ಹತ್ತಿರ ಉಂಟಲ್ಲ, ವಾಪಸ್ ಕೊಡು."

ಇತ್ತು. ಮದುವೆಯಾದ ಮೇಲೆ ಮೂರು ಮನೆ ಬದಲಾಯಿಸಿದರೂ ಪುಸ್ತಕ ಜೊತೆಗೇ ಬಂದಿತ್ತು. 'ಅರ್ಥಶಾಸ್ತ್ರ' ಎಂದು ಬರೆದ ಬೈಂಡು ಅಂಚಿನಲ್ಲಿ ಪುಡಿಯಾಗಿತ್ತು. ಅವಳ ಹೆಸರಿನ ಚೀಟಿ ಹಾಗೇ ಇತ್ತು. ಅಂಚೆಯಲ್ಲಿ ಕಳಿಸೋಣವಾ ಎಂದು ಒಬ್ಬಳೆಂದಳು. ಬಜ್ಪೆಯವಳು ಬೈದಳು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮೂವರೂ ಹೊರಟೆವು.

ಅವಳು ಬಾಗಿಲು ತೆಗೆದು, ಪುಸ್ತಕ ತಗೊಂಡು, ಚೀಟಿ ಇದೆಯಾ ಎಂದು ನೋಡಿ, "ಒಳಗೆ ಬನ್ನಿ" ಎಂದಳು. ಉಮ್ಮನ ಮಂಚ ಇದ್ದ ಜಾಗದಲ್ಲಿ ಈಗ ಹೊಲಿಗೆಯ ಎರಡನೇ ಮಿಷನ್ನು. ಚಾ ಕೊಟ್ಟಳು. ಮಕ್ಕಳ ವಿಷಯ, ಬ್ಲೌಸಿನ ಹೊಲಿಗೆಗೆ ಈಗ ಎಷ್ಟು ತಗೊಳ್ಳುವುದು ಎಂಬ ವಿಷಯ ಮಾತಾಯಿತು. ಕತೆಯ ಸುದ್ದಿಯೇ ಬರಲಿಲ್ಲ. ಅಸರ್ ಬಾಂಗಿನ ನಂತರ ಹೊರಡಲು ಎದ್ದಾಗ ಅವಳೇ ಹೇಳಿದಳು. ನಿಂತುಕೊಂಡೇ ಹೇಳಿದಳು.

ಗುಟ್ಟು ಹೊರಬಂದದ್ದಕ್ಕೆ ಅವಳಿಗೆ ಬೇಸರ ಇರಲಿಲ್ಲವಂತೆ. ಊರಿಗೆಲ್ಲ ಗೊತ್ತಿದ್ದದ್ದೇ ಅದು. ನಮ್ಮ ಕತೆಯಲ್ಲಿ ಆ ಹೆಂಗಸು ಬಾಗಿಲು ಬಡಿಯುತ್ತಾಳೆ. ಒಳಗಿನಿಂದ ತಾಯಿ, ಗಂಡನ ಮನೆಗೆ ವಾಪಸ್ ಹೋಗು ಎನ್ನುತ್ತಾಳೆ. ಮೂರು ಸಲ ಬಡಿದರೂ ಬಾಗಿಲು ತೆಗೆಯುವುದಿಲ್ಲ. ಮಳೆಯಲ್ಲಿ ಮಗುವಿನ ಜೊತೆ ಅವಳು ನಿಂತಿರುವಲ್ಲಿಗೆ ಕತೆ ಮುಗಿಯುತ್ತದೆ. ಆ ಭಾಗ ನಮಗೆ ಅವಳು ಹೇಳಿದ್ದಲ್ಲ, ನಾವೇ ಕಟ್ಟಿದ್ದು. ಕತೆಗೆ ಮುಕ್ತಾಯ ಬೇಕಿತ್ತಲ್ಲ.

ಪಕ್ಕದ ಮನೆಯ ಹುಡುಗಿ ಆ ಕತೆಯನ್ನು ಉಮ್ಮನಿಗೆ ಓದಿ ಹೇಳಿದಳಂತೆ. ಉಮ್ಮನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹಸಿರು ಬುಟ್ಟಿ ಬಂದ ಕೂಡಲೇ ಅವರಿಗೆ ಗೊತ್ತಾಯಿತು. ಕೊನೆಯವರೆಗೆ ಕೇಳಿ, ಮಗಳನ್ನು ಕರೆದು, "ನಾನು ಬಾಗಿಲು ತೆಗೆಯಲಿಲ್ಲ ಎಂದು ನೀನು ನಿನ್ನ ಗೆಳತಿಯರ ಹತ್ತಿರ ಹೇಳಿದೆಯಾ?" ಎಂದು ಕೇಳಿದರಂತೆ. ಇಲ್ಲ ಉಮ್ಮ ಎಂದರೆ ನಂಬಿದರು. ಆದರೆ ಸಾಯುವ ತನಕ ಆಗೊಮ್ಮೆ ಈಗೊಮ್ಮೆ, ಬೀಡಿ ಕಟ್ಟುತ್ತಾ ಕೂತಲ್ಲಿ, ಅದೇ ಪ್ರಶ್ನೆ ಕೇಳುತ್ತಿದ್ದರು.

"ನಿಜವಾಗಿ ಎಂತ ಆಯ್ತು?" ಎಂದು ಉಳ್ಳಾಲದವಳು ಮೆಲ್ಲಗೆ ಕೇಳಿದಳು.

ನಿಜವಾಗಿ ಆದದ್ದು ಇಷ್ಟು. ಆಟೋದ ಸದ್ದಿಗೆ ಉಮ್ಮ ಎದ್ದು, ಅವಳು ಮೆಟ್ಟಿಲು ಹತ್ತುವ ಮುಂಚೆ ಬಾಗಿಲು ತೆಗೆದು ನಿಂತಿದ್ದರು. ಎಂತ, ಏಕೆ ಎಂದು ಒಂದು ಮಾತೂ ಕೇಳಲಿಲ್ಲ. ರಾತ್ರಿ ಉಳಿದಿದ್ದ ಪಿಂಡಿ ಬಿಸಿ ಮಾಡಿ ಕೊಟ್ಟರು. ಇವಳು ಎರಡು ಬಟ್ಟಲು ತಿಂದಳು. ಮಗುವನ್ನು ಉಮ್ಮ ತಮ್ಮ ಪಕ್ಕದಲ್ಲಿ ಮಲಗಿಸಿಕೊಂಡರು. ಇವಳು ಮರುದಿನ ಝುಹರ್ ಬಾಂಗ್ ಆಗುವ ತನಕ ನಿದ್ದೆ ಮಾಡಿದಳು. "ಮದುವೆಯಾದ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿದ್ದು ಅವತ್ತೇ" ಎಂದಳು. "ನೀವು ಅದನ್ನು ಬರೆಯಲಿಲ್ಲ."

ಬರೆಯಲಿಲ್ಲ, ಏಕೆಂದರೆ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬರೆಯುತ್ತಿದ್ದೆವಾ? ಈ ಪ್ರಶ್ನೆ ಬಸ್ಸಿನಲ್ಲಿ ವಾಪಸ್ ಬರುವಾಗ ಬಜ್ಪೆಯವಳು ಎತ್ತಿದಳು. ಬಹಳ ಹೊತ್ತಿನ ತನಕ ಯಾರೂ ಉತ್ತರ ಕೊಡಲಿಲ್ಲ. ಬಾಗಿಲು ತೆಗೆದ ಉಮ್ಮ, ಬಿಸಿ ಮಾಡಿದ ಪಿಂಡಿ, ಹೊಟ್ಟೆ ತುಂಬ ಉಂಡು ಮಲಗಿದ ಹೆಂಗಸು. ಇದು ಕತೆ ಎಂದು ಆಗ ನಮಗೆ ಅನಿಸುತ್ತಿರಲಿಲ್ಲ. 'ಚಂದ್ರಗಿರಿ'ಯನ್ನು ಓದಿ ಓದಿ, ಮುಸ್ಲಿಂ ಹೆಂಗಸಿನ ಕತೆ ಎಂದರೆ ದುಃಖದಲ್ಲೇ ಮುಗಿಯಬೇಕು ಎಂದು ನಾವು ಕಲಿತುಬಿಟ್ಟಿದ್ದೆವು. ತಪ್ಪು ಸಾರಾ ಅವರದಲ್ಲ. ಅವರು ತಮ್ಮ ಸುತ್ತ ಕಂಡದ್ದನ್ನು ಬರೆದರು, ಅದಕ್ಕಾಗಿ ಮಾತೂ ಕೇಳಿಸಿಕೊಂಡರು. ನಾವು ನಮ್ಮ ಕಣ್ಣೆದುರಿನ ಗೆಳತಿಯನ್ನು ನೋಡದೆ, ಓದಿದ ಪುಸ್ತಕವನ್ನು ನೋಡಿ ಬರೆದೆವು.

ಉಮ್ಮನ ಹತ್ತಿರ ಮಾಫಿ ಕೇಳುವ ಅವಕಾಶ ಇನ್ನಿಲ್ಲ. ಅದು ಹಾಗೆಯೇ ಉಳಿಯುತ್ತದೆ.

ಆ ಶನಿವಾರದ ನಂತರ ಒಂದು ಅಭ್ಯಾಸ ಬೆಳೆಯಿತು. ತಿಂಗಳಿಗೊಮ್ಮೆ, ಬಜ್ಪೆಯವಳ ಶಾಲೆಗೆ ಮಧ್ಯಾಹ್ನವೇ ರಜೆ ಇರುವ ಶನಿವಾರ, ನಾಲ್ವರೂ ಬಿ.ಸಿ.ರೋಡಿನ ಆ ಮನೆಯಲ್ಲಿ ಸೇರುತ್ತೇವೆ. ಅಲ್ಲೇ ಏಕೆ ಎಂದರೆ ಅವಳಿಗೆ ಹೊಲಿಗೆಯ ಕೆಲಸ ಬಿಟ್ಟು ಬರಲಾಗುವುದಿಲ್ಲ. ಮನೆಗಳಲ್ಲಿ ಮೊದಮೊದಲು ಕೇಳಿದರು. "ಮಗಳು ಮದುವೆಗೆ ಬಂದಿದ್ದಾಳೆ, ಇವಳಿಗೆ ಈಗ ಕತೆಯಂತೆ, ಫ್ರೆಂಡ್ಸ್ ಅಂತೆ" ಎಂದು ನೆಂಟರೊಬ್ಬರು ನಕ್ಕದ್ದೂ ಉಂಟು. ಇಪ್ಪತ್ತೈದರಲ್ಲಾದರೆ ಆ ಮಾತಿಗೆ ಒಂದು ವಾರ ಅಳುತ್ತಿದ್ದೆವು. ಈಗ ಆ ನೆಂಟರಿಗೂ ಚಾ ಕೊಟ್ಟು ಬಸ್ಸಿಗೆ ಹೊರಡುತ್ತೇವೆ. ನಲವತ್ತೈದರ ಲಾಭ ಇಂಥವು ಕೆಲವು ಉಂಟು.

ನಷ್ಟಗಳ ವಿಷಯವನ್ನೂ ಹೇಳಬೇಕು. ಈ ಪುಟದಲ್ಲಿ ಇಂಥದ್ದು ಬರೆಯಬಹುದಾ ಎಂದು ಯೋಚಿಸಿದೆವು. ಓದುವವರಲ್ಲಿ ಅರ್ಧ ಜನ ಹೆಂಗಸರೇ ಅಲ್ವಾ, ಬರೆಯುತ್ತೇವೆ. ಉಳ್ಳಾಲದವಳಿಗೆ ಎರಡು ವರ್ಷದಿಂದ ನಡುರಾತ್ರಿ ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಬಿಸಿಯಾಗಿ, ಬೆವರಿ, ಎಚ್ಚರವಾಗುತ್ತದೆ. ಬಿ.ಪಿ. ಎಂದು ಹೆದರಿದ್ದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಮುಟ್ಟು ನಿಲ್ಲುವ ಕಾಲ ಹತ್ತಿರ ಬಂದಿದೆ, ಅದರ ಮುಂಚಿನ ಕೆಲವು ವರ್ಷ ಹೀಗೆ ಇರುತ್ತದೆ ಎಂದು ಬಿಡಿಸಿ ಹೇಳಿದರು. ನಮ್ಮ ದೇಶದ ಹೆಂಗಸರಲ್ಲಿ ಸರಾಸರಿ 46-47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ನಿದ್ದೆ ಕೆಡುವುದು, ಸಿಡುಕು, ಮರೆವು ಇವೆಲ್ಲ ಅದರ ಜೊತೆಗೇ ಬರಬಹುದು. ರಕ್ತಸ್ರಾವ ವಿಪರೀತವಾದರೆ, ಅಥವಾ ನಿಂತು ಒಂದು ವರ್ಷವಾದ ಮೇಲೆ ಮತ್ತೆ ಕಂಡರೆ, ವಯಸ್ಸಿನದ್ದು ಎಂದು ಸುಮ್ಮನಿರದೆ ಡಾಕ್ಟರಿಗೆ ತೋರಿಸಲೇಬೇಕು. ಇದಿಷ್ಟು ವಿಷಯ ನಮಗೆ ಯಾರೂ ಹೇಳಿರಲಿಲ್ಲ. ನಮ್ಮ ಉಮ್ಮಂದಿರಿಗೂ ಇದು ಬಂದಿರಬೇಕಲ್ಲ? ರಾತ್ರಿ ಎದ್ದು ಅಂಗಳಕ್ಕೆ ಹೋಗಿ ಕೂತುಕೊಳ್ಳುತ್ತಿದ್ದದ್ದು, ಕಾರಣವಿಲ್ಲದೆ ನಮ್ಮ ಮೇಲೆ ರೇಗಿದ್ದು, ಆಗ ನಮಗೆ ಅರ್ಥವಾಗದ ಎಷ್ಟೋ ವಿಷಯಗಳು ಈಗ ನೆನಪಾಗುತ್ತವೆ. ಅವರು ಯಾರ ಹತ್ತಿರ ಹೇಳಿಕೊಂಡರೋ.

ಬಜ್ಪೆಯವಳ ಕಷ್ಟ ಬೇರೆ. ಒಂದು ದಿನ ಪಾಠ ಮಾಡುತ್ತಿರುವಾಗ 'ಜರಡಿ' ಎಂಬ ಶಬ್ದ ಮರೆತುಹೋಯಿತು. ಕೈಯಲ್ಲಿ ಹಿಟ್ಟು ಜರಡಿ ಹಿಡಿಯುವ ಹಾಗೆ ಆಡಿಸಿ ತೋರಿಸಿದರೂ ಶಬ್ದ ಬರಲಿಲ್ಲ. ನಾಲ್ಕನೇ ಕ್ಲಾಸಿನ ಮಕ್ಕಳು ನಕ್ಕು ಹೇಳಿಕೊಟ್ಟರು. ಬರೆಯುವವಳಿಗೆ ಶಬ್ದ ಮರೆತುಹೋಗುವುದೆಂದರೆ ಟೈಲರಿನ ಕೈ ನಡುಗಿದ ಹಾಗೆ. ಅವಳು ನಮ್ಮೆದುರು ಇದನ್ನು ಹೇಳಿ ಅತ್ತಳು. ಬಿ.ಸಿ.ರೋಡಿನವಳು ಮಿಷನ್ ನಿಲ್ಲಿಸದೆ ಹೇಳಿದಳು: "ನಿನಗೆ ಮರೆತದ್ದು ನಮಗೆ ನೆನಪಿರ್ತದೆ. ನಾಲ್ಕು ಜನ ಇರುವುದು ಮತ್ತೆ ಎಂತಕ್ಕೆ?"

2025ರ ಮೇ 20ರ ರಾತ್ರಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂತು. ಹಾಸನದ ಬಾನು, ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ, ಇಬ್ಬರು ಹೆಂಗಸರು ಒಂದೇ ಪ್ರಶಸ್ತಿ ಹಿಡಿದು ನಿಂತ ಫೋಟೋ ನಮ್ಮ ಮೊಬೈಲುಗಳಲ್ಲಿ ಎಷ್ಟು ಸಲ ಸುತ್ತಿತೋ ಲೆಕ್ಕವಿಲ್ಲ. ಬಾನು ಅವರಿಗೆ ಆಗ 77. "ನಮಗೆ ಇನ್ನೂ ಮೂವತ್ತೆರಡು ವರ್ಷ ಉಂಟು" ಎಂದು ಬಿ.ಸಿ.ರೋಡಿನವಳು ಲೆಕ್ಕ ಹಾಕಿ ಕಳಿಸಿದಳು. ಬಜ್ಪೆಯವಳು ಟೀಚರ್ ಧ್ವನಿಯಲ್ಲಿ ವಾಯ್ಸ್ ಹಾಕಿದಳು: ಅವರು ಇಷ್ಟು ವರ್ಷ ಕಾಯುತ್ತಾ ಕೂತದ್ದಲ್ಲ, ಬರೆಯುತ್ತಾ ಇದ್ದದ್ದು, ಮೊದಲು ಹೋಮ್‌ವರ್ಕ್ ಮಾಡಿ ಎಂದು.

ಹೋಮ್‌ವರ್ಕ್ ಮಾಡಿದವಳು ಬಿ.ಸಿ.ರೋಡಿನವಳೇ. ಜುಲೈಯ ಶನಿವಾರ ಹೋದಾಗ ಹೊಲಿಗೆಯ ಲೆಕ್ಕ ಬರೆಯುವ ಪುಸ್ತಕವನ್ನು ಹಿಂದಿನಿಂದ ತಿರುಗಿಸಿ ಮುಂದಿಟ್ಟಳು. ಹನ್ನೊಂದು ಪುಟ. ಆ ರಾತ್ರಿಯ ವಿಷಯ. ಬರೆದದ್ದು ಬ್ಯಾರಿ ಬಾಸೆಯಲ್ಲಿ, ಕನ್ನಡ ಲಿಪಿಯಲ್ಲಿ. ನಮಗೆ ಮೂವರಿಗೂ ತುಸು ನಾಚಿಕೆಯಾಯಿತು. ರಾಜ್ಯದಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಶುರುವಾದದ್ದು 2009ರಲ್ಲಿ, ಬ್ಯಾರಿಯಲ್ಲಿ ಕತೆ ಕವನ ಬರುತ್ತಲೇ ಇವೆ. ಆದರೆ ನಾವು ಮೂವರು ಬ್ಯಾರಿಯಲ್ಲಿ ಬೈದಿದ್ದೇವೆ, ನಕ್ಕಿದ್ದೇವೆ, ಮಕ್ಕಳನ್ನು ತೂಗಿದ್ದೇವೆ, ಒಂದು ಪುಟ ಬರೆದಿಲ್ಲ. ಅವಳ ಸಮಾಧಾನ ಸರಳವಾಗಿತ್ತು. "ಉಮ್ಮನಿಗೆ ಓದಿ ಹೇಳಿದ್ರೆ ಅರ್ಥ ಆಗ್ಬೇಕಲ್ಲ. ಅದಕ್ಕೆ."

ಅವಳೇ ಓದಿದಳು. ಹೊಸ ಕನ್ನಡಕ ಹಾಕಿಕೊಂಡು, ಬೆರಳು ಇಟ್ಟು, ಸ್ಪೆಲ್ಲಿಂಗಿನಲ್ಲಿ ತಡವರಿಸುತ್ತಾ. ಆಟೋದವನು ಬಾಡಿಗೆ ಬೇಡ ಎಂದದ್ದು ಅದರಲ್ಲಿ ಇತ್ತು, ಅದು ನಮಗೆ ಗೊತ್ತೇ ಇರಲಿಲ್ಲ. ಹಸಿರು ಬುಟ್ಟಿ ಒಂದು ಸಾಲಿನಲ್ಲಿ ಬಂದು ಹೋಯಿತು. ನಾವು ಅಷ್ಟು ದೊಡ್ಡದು ಮಾಡಿದ್ದ ಬುಟ್ಟಿ. ನಡುವೆ ಒಂದೆಡೆ ಅವಳ ಮಗಳು ಕಾಲೇಜಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದಳು. ಆಟೋದಲ್ಲಿ ಬಂದ ಆ ಮೂರು ವರ್ಷದ ಮಗುವಿಗೆ ಈಗ ಇಪ್ಪತ್ತು. ಉಮ್ಮ ಓದುವುದನ್ನು ನಿಲ್ಲಿಸಲಿಲ್ಲ, ಮಗಳೂ ಅಲ್ಲಿಂದ ಹೋಗಲಿಲ್ಲ.

ಇದನ್ನು ಪತ್ರಿಕೆಗೆ ಬರೆಯಬಹುದಾ ಎಂದು ಈ ಸಲ ಮೊದಲೇ ಕೇಳಿದೆವು. ಬರೆದು ತಂದು ತೋರಿಸು ಎಂದಳು. ತೋರಿಸಿದೆವು. ಎರಡು ಪ್ಯಾರಾವನ್ನು ಕೆಂಪು ಪೆನ್ನಿನಲ್ಲಿ ಉದ್ದಕ್ಕೆ ಹೊಡೆದುಹಾಕಿದಳು. ಬಟ್ಟೆಗೆ ಗುರುತು ಹಾಕುವ ಕೈ, ಗೆರೆ ನೇರವಾಗಿಯೇ ಬಿತ್ತು. ಅವು ಇಲ್ಲಿ ಇಲ್ಲ. ಒಂದು ಕಡೆ 'ಪಾಪ' ಎಂದು ಬರೆದಿದ್ದನ್ನೂ ತೆಗೆಸಿದಳು.

ಅವಳ ಹನ್ನೊಂದು ಪುಟ ಉಮ್ಮ ಬಾಗಿಲು ತೆಗೆಯುವಲ್ಲಿಗೆ ನಿಂತಿದೆ. ಮುಂದೆ ಹೋಗುತ್ತಿಲ್ಲ. ಆ ರಾತ್ರಿ ಕರೆಂಟ್ ಇರಲಿಲ್ಲ, ಉಮ್ಮನ ಕೈಯಲ್ಲಿ ಚಿಮಿಣಿ ದೀಪ ಇತ್ತು. ಪಿಂಡಿ ಬಿಸಿ ಮಾಡುವಾಗ ಆ ದೀಪವನ್ನು ಅಡುಗೆಮನೆಯಲ್ಲಿ ಎಲ್ಲಿ ಇಟ್ಟರು ಎಂಬುದು ಅವಳಿಗೆ ನೆನಪಾಗುತ್ತಿಲ್ಲ. ಆ ಅಡುಗೆಮನೆ ಒಡೆದು ಹೊಸದು ಕಟ್ಟಿ ಹತ್ತು ವರ್ಷವಾಯಿತು. "ನೀವು ಎಷ್ಟು ಸಲ ಆ ಮನೆಯಲ್ಲಿ ಮಲಗಿದ್ದೀರಿ. ಕರೆಂಟ್ ಹೋದಾಗ ಉಮ್ಮ ದೀಪ ಎಲ್ಲಿ ಇಡ್ತಾ ಇದ್ರು, ಹೇಳಿ" ಎಂದು ಕಳೆದ ತಿಂಗಳು ಕೇಳಿದಳು.

ಅರೆಯುವ ಕಲ್ಲಿನ ಮೇಲೆ ಎಂದು ಉಳ್ಳಾಲದವಳು ಹೇಳಿದಳು. ಅಲ್ಲವೇ ಅಲ್ಲ, ಕಿಟಕಿಯ ದಂಡೆಯಲ್ಲಿ, ಅಲ್ಲಿ ಗೋಡೆಗೆ ಮಸಿ ಹಿಡಿದಿತ್ತು ಎಂದು ಬಜ್ಪೆಯವಳು. ಅಕ್ಕಿ ಡ್ರಮ್ಮಿನ ಮುಚ್ಚಳದ ಮೇಲೆ ಎಂದು ಇದನ್ನು ಬರೆಯುವವಳಿಗೆ ನೆನಪು, ಅದರ ಮೇಲೆ ಕೈ ಹಾಕಬೇಡಿ ಎಂದು ಉಮ್ಮ ಬೈದದ್ದೂ ನೆನಪು. ಮೂವರೂ ಅಸರ್ ಬಾಂಗ್ ಆಗುವ ತನಕ ಜಗಳ ಮಾಡಿದೆವು. ಅವಳು ಮೂರನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಳು.

"ಯಾವುದು ಇಡ್ಬೇಕು ಅಂತ ನಾನು ನೋಡ್ತೇನೆ" ಎಂದು ಹೇಳಿ ಪುಸ್ತಕ ಮುಚ್ಚಿ, ಚಾಕ್ಕೆ ನೀರಿಡಲು ಎದ್ದಳು.